ಕಣ್ಣೊಳಗಿನ ನೀಲಿ

ಆ ದಿನ ನನ್ನ ಓರಗಿತ್ತಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಅಕ್ಕಾ, ನಾನಿನ್ನು ಕರೆಂಟ್ ಇಡಿಸ್ಕೊಳ್ಳಲ್ಲ. ಇಷ್ಟಕ್ಕೇ ಸಾಕು."

ಅವಳ ತಲೆಯೊಳಗೆ ಒಂದು ಗೆಡ್ಡೆ ಬೆಳೆದಿತ್ತು. ಕೊಯ್ದು ತೆಗೆದ ಮೇಲೆ ಉಳಿದ ಚೂರುಪಾರನ್ನು ವಿಕಿರಣದಿಂದ ಸುಡಬೇಕು ಎಂದಿದ್ದರು ಡಾಕ್ಟರು. ಅವಳ ಬಾಯಲ್ಲಿ ಅದೇ ಕರೆಂಟ್. ಚಿಕಿತ್ಸೆ ಅರ್ಧ ಮುಗಿದಿತ್ತು. ನಡುವೆ ಬಿಟ್ಟರೆ ಅದು ಮತ್ತೆ ತಲೆಯೆತ್ತುತ್ತದೆ ಎಂದೂ ಅವರು ಮೊದಲೇ ಎಚ್ಚರಿಸಿದ್ದರು.

ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯಲು ಕೆಳಗೆ ನೆರೆಮನೆಯ ಮೇಷ್ಟ್ರು ಕಾರಿನಲ್ಲಿ ಕಾಯುತ್ತಿದ್ದರು. ಎಷ್ಟು ತಡವಾದರೂ ಹಾರ್ನ್ ಹೊಡೆದು ಅವಸರಪಡಿಸಿದವರಲ್ಲ. ಅವರಿಗೆ ಏನು ಹೇಳಲಿ?

"ಯಾಕೆ, ಸುಸ್ತಾಗುತ್ತಾ?"

"ಸುಸ್ತಲ್ಲ."

"ಮತ್ತೆ? ಬಾಯಿ ಬಿಡೇ ಗೂಬೆ."

ಗೂಬೆ ಎನ್ನುವುದು ನನ್ನ ಮೈದುನ ಅವಳಿಗೆ ಪ್ರೀತಿಯಿಂದ ಇಟ್ಟ ಹೆಸರು. ಮದುವೆಯಾದಂದಿನಿಂದ ಅವಳು ಒಂದು ಫೋಟೋ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆಯುವ ಕೆಲಸ ಮಾಡಿದವಳು. ಹಗಲೆಲ್ಲ ಕತ್ತಲಲ್ಲಿದ್ದು ಸಂಜೆ ಕಣ್ಣು ಕಿರಿದು ಮಾಡಿಕೊಂಡು ಮನೆಗೆ ಬರುತ್ತಿದ್ದಳು. ಮೈದುನ ತೀರಿಕೊಂಡ, ನಮ್ಮವರೂ ತೀರಿಕೊಂಡರು. ಅಡುಗೆಗೆ ಉಪ್ಪು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಜಗಳವಾಡುತ್ತ ನಾವಿಬ್ಬರೂ ಒಟ್ಟಿಗೇ ಉಳಿದೆವು. ಅವಳಿಲ್ಲದ ಅಡುಗೆಮನೆಯನ್ನು ನನ್ನಿಂದ ಊಹಿಸಲಾಗದು.

ಕೊನೆಗೆ ಬಾಯಿಬಿಟ್ಟಳು.

"ಒಳಗೆ ಮಲಗಿಸಿ ಮುಖಕ್ಕೆ ಆ ಜಾಲರಿ ಮುಖವಾಡ ಬಿಗಿತಾರಲ್ಲ, ಆಗ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿರ್ತೀನಿ. ಯಂತ್ರ ಗುಂಯ್ ಅಂದ ಕೂಡಲೇ ನೀಲಿ ಬೆಳಕು ಕಾಣುತ್ತೆ ಅಕ್ಕಾ. ಎಲ್ಲೋ ಸಂದಿಯಿಂದ ಬರ್ತಿರಬೇಕು ಅಂದ್ಕೊಂಡು ಮೊನ್ನೆ ಮುಖವಾಡದ ಮೇಲೆ ಕಪ್ಪು ಬಟ್ಟೆ ಹಾಕಿ ಅಂದೆ. ಪಾಪ, ಟೆಕ್ನಿಶಿಯನ್ ಯಾಕೆ ಅಂತಾನೂ ಕೇಳಲಿಲ್ಲ. ಎಲ್ಲಿಂದಲೋ ತಂದು, ಎರಡು ಮಡಿಕೆ ಮಾಡಿ, ಉಸಿರಾಡೋಕೆ ಮೂಗು ಬಿಟ್ಟು ಹಾಕಿದ್ರು. ಆದ್ರೂ ಕಾಣ್ತು."

"ಅದಕ್ಕೇನೀಗ?"

"ಏನೀಗ ಅಂತೀಯಲ್ಲ! ಹೊರಗಿಂದ ಬರದೇ ಇದ್ರೆ ಬೆಳಕು ನನ್ನ ತಲೆಯೊಳಗೇ ಸೇರಿದೆ ಅಂತಲ್ವಾ? ಡಾರ್ಕ್‌ರೂಮಿಗೆ ಒಂದು ಎಳೆ ಬೆಳಕು ನುಗ್ಗಿದ್ರೆ ಸಾಕು, ಒಳಗಿರೋ ಫಿಲ್ಮೆಲ್ಲ ಮಂಜು. ಮದುವೆ, ಮಗು, ಮುಖ, ಯಾವುದೂ ಉಳಿಯಲ್ಲ. ನನ್ನೊಳಗೆ ಇರೋದೂ ಹಾಗೇ ಹೋಗ್ತಿದೆ. ನಿನ್ನೆ ಇವರು ಬೈತಲೆ ಯಾವ ಕಡೆ ತೆಗೀತಿದ್ರು ಅಂತ ಎಷ್ಟು ಯೋಚನೆ ಮಾಡಿದ್ರೂ ನೆನಪಾಗಲಿಲ್ಲ."

"ಅವನಿಗೆಲ್ಲಿ ಬೈತಲೆ ಇತ್ತೇ? ಮದುವೆ ಹೊತ್ತಿಗೇ ಅರ್ಧ ಬೋಳಾಗಿದ್ದ!"

ಅವಳಿಗೆ ನಗು ಬಂತು. ನಕ್ಕು ಕಣ್ಣೊರೆಸಿಕೊಂಡಳು. ಆದರೆ ಕೈಯಲ್ಲಿದ್ದ ಚಪ್ಪಲಿಯನ್ನು ಕಾಲಿಗೆ ಹಾಕಲಿಲ್ಲ.

"ಗೆಡ್ಡೆಯಿಂದ ಸತ್ರೂ ಪರವಾಗಿಲ್ಲ. ನೀನು ಯಾರು ಅಂತ ಗೊತ್ತಿಲ್ಲದೆ ಬದುಕೋದು ಬೇಡ," ಎಂದಳು.

ನಾನು ಕಾಲೇಜಿನಲ್ಲಿ ವಿಜ್ಞಾನ ಓದಿದ್ದೆ, ಆದರೆ ಮುಚ್ಚಿದ ಕಣ್ಣಿಗೆ ಬೆಳಕು ಕಾಣುವ ಸಂಗತಿ ಯಾವ ಪಾಠದಲ್ಲೂ ಬಂದಿರಲಿಲ್ಲ. "ಯಂತ್ರದ ಕೆಳಗೆ ಮಲಗಬೇಡ, ಸುಮ್ಮನೆ ಆಸ್ಪತ್ರೆಗೆ ಬಂದು ಅದೇನು ಅಂತ ಕೇಳು. ಕೇಳಿದ ಮೇಲೆ ನಿನ್ನಿಷ್ಟ. ವಾಪಸ್ ಬರೋಣ ಅಂದ್ರೆ ಬರೋಣ," ಎಂದೆ. ಮಾತಿಗೆ ತಪ್ಪುವುದಿಲ್ಲವೆಂದು ಆಣೆ ಹಾಕಿಸಿಕೊಂಡು ಹೊರಟಳು.

ಆಸ್ಪತ್ರೆಯಲ್ಲಿ ಟೆಕ್ನಿಶಿಯನ್ ನಮ್ಮ ಮಾತು ಪೂರ್ತಿ ಕೇಳಿ, ಅವಳ ಸರದಿಗೆ ಇನ್ನೊಬ್ಬರನ್ನು ಕಳಿಸಿ, ನಮ್ಮನ್ನು ಕಾರಿಡಾರಿನ ತುದಿಯ ಚಿಕ್ಕ ಕೋಣೆಗೆ ಕರೆದುಕೊಂಡು ಹೋದರು. ಆ ಯಂತ್ರದಿಂದ ಯಾರಿಗೆ ಎಷ್ಟು ವಿಕಿರಣ ಹೋಗಬೇಕೆಂದು ಲೆಕ್ಕ ಹಾಕುವ ಭೌತವಿಜ್ಞಾನಿ ಅಲ್ಲಿದ್ದಳು. ನನ್ನ ಮೊಮ್ಮಗಳ ವಯಸ್ಸಿರಬಹುದು. ಆಗಷ್ಟೇ ಟೀ ಬಗ್ಗಿಸಿಕೊಂಡಿದ್ದವಳು ಲೋಟವನ್ನು ಪಕ್ಕಕ್ಕಿಟ್ಟು, ತನ್ನ ಕುರ್ಚಿಯನ್ನು ನನ್ನ ಓರಗಿತ್ತಿಗೆ ಕೊಟ್ಟು, ತಾನು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತಳು.

"ನೀಲಿ ಕಾಣ್ತಾ ಅಮ್ಮಾ? ಒಳ್ಳೇ ನೀಲಿನಾ?" ಎಂದು ಕೇಳಿದ ಅವಳ ಮುಖದಲ್ಲಿ ಆತಂಕವಿರಲಿಲ್ಲ, ಆಸೆಯಿತ್ತು. "ಎಷ್ಟೋ ಜನಕ್ಕೆ ಕಾಣುತ್ತೆ. ಹೇಳೋಕೆ ಹೆದರ್ತಾರೆ. ಮೊದಲೇ ನಾವೇ ಹೇಳಬೇಕಿತ್ತು, ತಪ್ಪು ನಮ್ಮದು."

"ಏನದು?"

"ನಿಮ್ಮ ಕಣ್ಣಿನ ಗುಡ್ಡೆ ಒಳಗೆ ಹೆಚ್ಚುಕಡಿಮೆ ನೀರೇ ಇರೋದು. ಯಂತ್ರದ ಕಿರಣ ಹಾಯ್ದಾಗ ಅಲ್ಲಿರೋ ಎಲೆಕ್ಟ್ರಾನುಗಳು ಒದೆ ತಿಂದ ಹಾಗೆ ಓಡ್ತವೆ. ಬೆಳಕಿಗಿಂತ ಜೋರಾಗಿ ಓಡ್ತವೆ."

ಇಲ್ಲಿ ನಾನು ಸುಮ್ಮನಿರಲಾರದೆ, "ಬೆಳಕನ್ನ ಯಾವುದೂ ಹಿಂದೆ ಹಾಕೋಕಾಗಲ್ಲ ಅಂತ ಓದಿದ್ದೆನಲ್ಲಮ್ಮ," ಎಂದೆ.

"ಸರಿಯಾಗೇ ಓದಿದ್ದೀರಿ. ಏನೂ ಇಲ್ಲದ ಖಾಲಿ ಜಾಗದಲ್ಲಿ ಬೆಳಕಿಗೆ ಎಷ್ಟು ವೇಗ ಇದೆಯೋ ಅದನ್ನ ಯಾವ ಕಣವೂ ದಾಟಿದ್ದು ಇವತ್ತಿನವರೆಗೆ ಕಂಡಿಲ್ಲ. ಆದ್ರೆ ನೀರಿಗಿಳಿದರೆ ಬೆಳಕೇ ನಿಧಾನ ಆಗುತ್ತೆ. ನಮ್ಮ ದೊಡ್ಡ ಡಾಕ್ಟ್ರನ್ನ ನೋಡಿದ್ದೀರಲ್ಲ? ಖಾಲಿ ರಸ್ತೆಯಲ್ಲಿ ಅವರ ಜೊತೆ ಹೆಜ್ಜೆ ಹಾಕೋಕೆ ಯಾರಿಂದಲೂ ಆಗಲ್ಲ. ಅದೇ ಈ ಕಾರಿಡಾರಿಗೆ ಬಂದ್ರೆ ನಾಲ್ಕು ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸ್ತಾರೆ. ಟೀ ತರೋರೂ ಅವರನ್ನ ದಾಟಿಕೊಂಡು ಹೋಗಿಬಿಡ್ತಾರೆ."

"ಟೀ ತರೋರನ್ನ ಯಾರೂ ಮಾತಾಡಿಸಲ್ಲ, ಅದಕ್ಕೆ," ಎಂದಳು ನನ್ನ ಓರಗಿತ್ತಿ.

"ಅದೇ ನೋಡಿ! ಎಲೆಕ್ಟ್ರಾನ್ ಹಾಗೆ ಬೆಳಕನ್ನ ದಾಟಿದಾಗ, ಜೋರಾಗಿ ಹೋಗೋ ದೋಣಿ ಹಿಂದೆ ಅಲೆ ಏಳೋ ಥರ, ಒಂದು ಬೆಳಕಿನ ಅಲೆ ಏಳುತ್ತೆ. ನೀವು ನೋಡಿದ ನೀಲಿ ಅದೇ. ಕಪ್ಪು ಬಟ್ಟೆಗೆ ಅದು ಜಗ್ಗಲ್ಲ, ಹುಟ್ಟೋದೇ ಕಣ್ಣೊಳಗೆ."

"ಅದರಿಂದ ಒಳಗಿರೋದು ಮಂಜಾಗಲ್ವಾ?"

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಫಿಲ್ಮಿನ ವಿಷಯವನ್ನು ನಾನು ಬಿಡಿಸಿ ಹೇಳಿದೆ. ಅವಳು ನಗಲಿಲ್ಲ. ಓರಗಿತ್ತಿಯ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಇಲ್ಲಮ್ಮಾ. ಆ ಬೆಳಕು ಅಷ್ಟು ಮಂದ, ಕ್ಷಣ ಮಿನುಗಿ ಹೋಗುತ್ತೆ. ನೆನಪಿಗೂ ಅದಕ್ಕೂ ಸಂಬಂಧ ಇಲ್ಲ. ಚಿಕಿತ್ಸೆಯಿಂದ ಸುಸ್ತು, ಮರೆವು ಬರಲ್ಲ ಅಂತ ನಾನು ಹೇಳಲ್ಲ. ಬಂದ್ರೆ ಮುಚ್ಚಿಡಬೇಡಿ, ಡಾಕ್ಟ್ರು ನೋಡ್ತಾರೆ. ಆದ್ರೆ ಈ ನೀಲಿಗೆ ಹೆದರಬೇಡಿ. ಬೇರೆ ಒಂದು ಆಸ್ಪತ್ರೆಯಲ್ಲಿ ಹೀಗೇ ರೋಗಿಯ ಕಣ್ಣೊಳಗೆ ಹುಟ್ಟಿದ ಬೆಳಕಿನ ಫೋಟೋನೇ ತೆಗೆದಿದ್ದಾರೆ."

ನನ್ನ ಓರಗಿತ್ತಿ ನೆಟ್ಟಗೆ ಕುಳಿತಳು.

"ಫೋಟೋ ತೆಗೆದ್ರಾ? ಅಷ್ಟು ಮಂದ ಬೆಳಕಲ್ಲಿ? ಎಷ್ಟು ಹೊತ್ತು ಎಕ್ಸ್‌ಪೋಷರ್ ಕೊಟ್ರಂತೆ?"

"ಅಯ್ಯೋ, ಅದು ನಂಗೊತ್ತಿಲ್ಲಮ್ಮಾ. ತುಂಬ ಸೂಕ್ಷ್ಮದ ಕ್ಯಾಮೆರಾ ಅಂತೆ."

"ಕೋಣೆ ದೀಪ ಆರಿಸಿದ್ರೋ ಇಲ್ವೋ?"

ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಆ ಚಿತ್ರ ತೋರಿಸಿದಳು. ನನಗೆ ಅಲ್ಲೇನೂ ವಿಶೇಷ ಕಾಣಲಿಲ್ಲ. ಓರಗಿತ್ತಿ ಮಾತ್ರ ಮೂಗು ತಾಗುವಷ್ಟು ಬಗ್ಗಿ ಮೂಲೆಮೂಲೆಯನ್ನೂ ನೋಡಿದಳು. ಟೀ ತಣ್ಣಗಾಗುತ್ತಿತ್ತು. ಹುಡುಗಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಕಾಳು ಕಾಳಾಗಿ ಬಂದಿದೆ. ಮಂದ ಬೆಳಕಿಗೆ ಹಾಗೇ ಬರೋದು," ಎಂದು ಓರಗಿತ್ತಿ ಕೊನೆಗೆ ಹೇಳಿದಳು. "ಆದ್ರೂ ಬಂದಿದೆ. ಪಾಪ, ಕಷ್ಟಪಟ್ಟು ತೆಗೆದಿದ್ದಾರೆ." ಆಮೇಲೆ ನನ್ನತ್ತ ತಿರುಗಿ, "ಏನು ನೋಡ್ತಾ ನಿಂತೆ? ನನ್ನ ಸರದಿ ತಪ್ಪಿಸಿಬಿಟ್ಟೆ. ಹೋಗಿ ಕೇಳು," ಎಂದಳು.

ನಾನು ಬೇಗನೆ ಟೆಕ್ನಿಶಿಯನ್ ಹತ್ತಿರ ಹೋದೆ. ಅಲ್ಲೇ ನಿಂತಿದ್ದರೆ ಅತ್ತುಬಿಡುತ್ತಿದ್ದೆ.

ಅವಳು ಒಳಗೆ ಹೋದಳು, ದಪ್ಪ ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು. ಬೆಂಚಿನ ಮೇಲೆ ಕುಳಿತು ನಾನೂ ಕಣ್ಣು ಮುಚ್ಚಿದೆ. ನನಗೆ ಕಂಡದ್ದು ಬರೀ ಕತ್ತಲು. ನನಗೇ ಗೊತ್ತಾಗದಂತೆ ತೂಕಡಿಸಿರಬೇಕು. ಯಾರೋ ಹೆಗಲು ಮುಟ್ಟಿದಾಗ ಎಚ್ಚರವಾಯಿತು. ಕೆನ್ನೆ, ಹಣೆಯ ಮೇಲೆಲ್ಲ ಜಾಲರಿಯ ಗುರುತು ಹೊತ್ತು ಅವಳು ಎದುರಿಗೆ ನಿಂತಿದ್ದಳು.

"ಕಾಣ್ತಾ?"

"ಕಾಣ್ತು. ಎರಡು ಸಲ. ಹೇಗಿತ್ತು ಅಂದ್ರೆ..." ಕೈಯನ್ನು ಗಾಳಿಯಲ್ಲಿ ಆಡಿಸಿದಳು. "ಅಂಥ ಬಣ್ಣ ಯಾವ ಪ್ರಿಂಟಿನಲ್ಲೂ ನೋಡಿಲ್ಲ ಅಕ್ಕಾ. ಒಂದು ಸಲ ನಿಂಗೂ ತೋರಿಸಬೇಕು ಅನ್ನಿಸ್ತು. ಆಮೇಲೆ, ಬೇಡಪ್ಪಾ, ನಿಂಗೆ ಇಂಥ ಕಾಯಿಲೆ ಬರೋದು ಬೇಡ ಅನ್ನಿಸ್ತು."

ಟೆಕ್ನಿಶಿಯನ್ ಬಾಗಿಲಲ್ಲಿ ನಿಂತು ನಾಳೆಯ ಸಮಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು:

"ನಾಳೆ ಸ್ವಲ್ಪ ಬೇಗ ಕರೀತೀರಾ? ಈ ಹೊತ್ತಿಗೆ ನಮ್ಮಕ್ಕಂಗೆ ನಿದ್ದೆ ಬರುತ್ತೆ."