ಡ್ರಿಮ್‌ಸಿ ಹೊತ್ತ ಕುರ್ಚಿ

ನಾನು ಬಿದಿರಿನ ಒಂದು ಕುರ್ಚಿ. ನೆಲದ ಮೇಲಿಡುವ ಕುರ್ಚಿಯಲ್ಲ. ಮನುಷ್ಯರನ್ನು ಕೂರಿಸಿ ಬೆನ್ನ ಮೇಲೆ ಹೊರುವ ಕುರ್ಚಿ. ಮೇಘಾಲಯದ ಖಾಸಿ ಬೆಟ್ಟಗಳ ನಡುವೆ, ಕಣಿವೆಯ ತಳದಲ್ಲಿರುವ ಉಮ್‌ಲಾರಿಯಾಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿದೆ. ನನ್ನನ್ನು ಹೆಣೆದವನು ಅದೇ ಊರಿನ ಡ್ರಿಮ್‌ಸಿ ಎಂಬವಳ ಸೋದರಮಾವ. ಕಾಯಿಲೆಯವರನ್ನು ನನ್ನಲ್ಲಿ ಕೂರಿಸಿ, ನನಗೆ ಕಟ್ಟಿದ ಪಟ್ಟಿಯನ್ನು ಹಣೆಗೆ ಕೊಟ್ಟು, ಎರಡು ಸಾವಿರ ಕಲ್ಲುಮೆಟ್ಟಿಲು ಹತ್ತಿ ರಸ್ತೆ ಮುಟ್ಟಿಸುತ್ತಿದ್ದ. ಅವನ ಮೊಣಕಾಲು ಸೋತ ಮೇಲೆ ಪಟ್ಟಿ ಡ್ರಿಮ್‌ಸಿಯ ಹಣೆಗೆ ಬಂತು.

ದಾರಿಯಲ್ಲೊಂದು ಹೊಳೆ. ಅಡ್ಡ ಹಾಕಿದ ಎರಡು ಬಿದಿರುಗಳೇ ಅದರ ಸೇತುವೆ. ಒಂದು ಮಳೆಗಾಲ, ಹೆರಿಗೆ ನೋವು ಕಾಣಿಸಿಕೊಂಡ ಬಿಯಾನ್ ಎಂಬ ಹೆಂಗಸನ್ನು ಹೊತ್ತು ಹೊರಟಾಗ ಬಿದಿರು ಕೊಚ್ಚಿಹೋಗಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ದಡದಲ್ಲೇ ಕಾದೆವು. ಬಿಯಾನ್ ಉಳಿದಳು. ಮಗು ಉಳಿಯಲಿಲ್ಲ.

ಊರಿನ ಸಭೆಯಲ್ಲಿ ಹೆಂಗಸರು ಮಾತಾಡುವ ಪದ್ಧತಿ ಇರಲಿಲ್ಲ. ಸೇತುವೆ ಬೇಕೆಂದು ಗಂಡಸರು ಕಳಿಸಿದ ಅರ್ಜಿಗಳಿಗೆಲ್ಲ ಬ್ಲಾಕ್ ಕಚೇರಿಯದು ಒಂದೇ ಉತ್ತರ: 'ಸ್ಥಳ ಪರಿಶೀಲನೆ ಆಗಬೇಕು.' ಅಷ್ಟು ಮೆಟ್ಟಿಲು ಇಳಿದು ಬರುವವರು ಯಾರು?

ಒಂದು ಬೆಳಿಗ್ಗೆ ಡ್ರಿಮ್‌ಸಿ ನನ್ನನ್ನು ಖಾಲಿಯಾಗಿಯೇ ಹೊತ್ತು ನೇರ ಆ ಕಚೇರಿಗೆ ನಡೆದಳು. ಹೊಸ ಅಧಿಕಾರಿ ಶಾನ್‌ಲಾಂಗ್‌ಗೆ ಪೋಲಿಯೊದಿಂದ ಒಂದು ಕಾಲು ಸಣ್ಣದಾಗಿತ್ತು.

"ಬರಬೇಕು ಅಂತ ನನಗೂ ಇದೆ, ಕಾಂಗ್. ಆದರೆ ಈ ಕಾಲು..." ಎಂದರು. ಆ ಕಡೆ ಅಕ್ಕನನ್ನು ಕಾಂಗ್ ಎನ್ನುತ್ತಾರೆ, ಅಣ್ಣನನ್ನು ಬಾಹ್.

ಅವಳು ನನ್ನನ್ನು ಅವರ ಮೇಜಿನ ಮುಂದೆ ಇಟ್ಟಳು. "ಕೂತ್ಕೊಳ್ಳಿ, ಬಾಹ್."

ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ. ಫೈಲು ಎತ್ತಿಕೊಂಡು ಕೂತರು.

ನನ್ನ ಮೇಲೆ ಕೂತವರ ಮುಖ ಹಿಂದಕ್ಕಿರುತ್ತದೆ. ಅಧಿಕಾರಿಗೆ ಇಳಿದುಬಂದ ಮೆಟ್ಟಿಲುಗಳಷ್ಟೇ ಕಾಣುತ್ತಿದ್ದವು. ಅವಳ ಏದುಸಿರು ಮಾತ್ರ ಕಿವಿಯ ಹತ್ತಿರವೇ ಇತ್ತು. ಅರ್ಧ ದಾರಿಯಲ್ಲಿ ಅವರು, "ಸಾಕು ಕಾಂಗ್, ಇಳಿಸಿ. ನಾಚಿಕೆ ಆಗ್ತಿದೆ" ಎಂದರು.

"ಇರಲಿ ಬಾಹ್. ವರದಿ ಬರೆಯೋವಾಗ ಆ ನಾಚಿಕೆ ಬೇಕಾಗುತ್ತೆ."

ಹೊಳೆಯ ದಡದಲ್ಲಿ ಇಳಿಸಿದಳು. ಅವರು ಮತ್ತೆ ಹಾಕಿದ್ದ ಬಿದಿರಿನ ಮೇಲೆ ಒಂದು ಹೆಜ್ಜೆ ಇಟ್ಟರು. ಅದು ನಡುಗಿತು, ಹಿಂದೆ ಸರಿದರು. ಡ್ರಿಮ್‌ಸಿ ಬಿಯಾನಳ ಮಗುವಿನ ಸಂಗತಿ ಹೇಳಿದಳು, ಕಣ್ಣೀರಿಲ್ಲದೆ, ಒಂದೂ ಬಿಡದೆ. ಅಧಿಕಾರಿ ನನ್ನ ಮೇಲೆಯೇ ಕೂತು, ತೊಡೆಯ ಮೇಲೆ ಕಾಗದವಿಟ್ಟು, ಅಲ್ಲೇ ವರದಿ ಬರೆದು ಮುಗಿಸಿದರು.

ವರದಿ ಮೇಲಿನ ಕಚೇರಿಯಿಂದ ಎರಡು ಸಲ ವಾಪಸು ಬಂತಂತೆ. ಎರಡು ಸಲವೂ ಅವರು ಅದನ್ನು ತಿರುಗಿ ಕಳಿಸಿದರು. ಮೂರನೆಯ ಚಳಿಗಾಲಕ್ಕೆ ತಂತಿಹಗ್ಗದ ಗಟ್ಟಿ ಸೇತುವೆ ಎದ್ದಿತು. ಆಚೆ ದಡದವರೆಗೆ ಜೀಪು ಬರುವ ದಾರಿಯೂ ಆಯಿತು.

ಈಗ ನಾನು ಒಲೆಯ ಪಕ್ಕದ ಮೂಲೆಯಲ್ಲಿ ಹೊಗೆ ಕುಡಿದು ಕಪ್ಪಾಗಿದ್ದೇನೆ. ನನ್ನ ಕೆಲಸ ಮುಗಿದಿದೆ, ಅದಕ್ಕೆ ದುಃಖವಿಲ್ಲ. ಮೊನ್ನೆ ಡ್ರಿಮ್‌ಸಿ, ಊರಿಗೊಬ್ಬ ನರ್ಸ್ ಬೇಕೆಂಬ ಅರ್ಜಿ ಹಿಡಿದು ಬಾಗಿಲು ದಾಟಿದಳು. ಇಷ್ಟು ವರ್ಷ ನನಗೆ ಗೊತ್ತಿದ್ದದ್ದು ಅವಳ ಬಗ್ಗಿದ ಬೆನ್ನು ಮಾತ್ರ. ನೆಟ್ಟಗೆ ನಿಂತರೆ ಅವಳು ಎಷ್ಟು ಎತ್ತರ ಎಂದು ಅಂದೇ ಕಂಡೆ.