ಸಾಕ್ಷಿ ಎಂಬ ಮಾತು

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಗೆಳತಿ ಸರೋಜಮ್ಮನವರಿಗೆ ನನ್ನ ಓದಿನ ವಿಷಯ ಹೇಳುತ್ತಿದ್ದೆ. ವೈಜ್ಞಾನಿಕ ಕಾದಂಬರಿಗಳಲ್ಲಿ ಲೆಕ್ಕ ತಪ್ಪಿದರೆ ನನಗೆ ಸಿಟ್ಟು ಬರುತ್ತದೆ. ರಸಾಯನಶಾಸ್ತ್ರ ಓದಿದವಳ ಚಟ. ಆದರೂ ಓದುತ್ತೇನೆ, ಏಕೆಂದರೆ ಅಲ್ಲಿನ ಭಯ ದೂರದ್ದು. ಬೇರೆ ಗ್ರಹದ ಜೀವಿಗೆ ಕುವೆಂಪುನಗರದ ನನ್ನ ಮನೆ ಗೊತ್ತಿಲ್ಲ. ಇತ್ತೀಚೆಗೆ ಕ್ರೈಸ್ತ ಪುಸ್ತಕಗಳನ್ನೂ ಹಿಡಿದಿದ್ದೇನೆ. ಕೆಲವು ಬರೀ ಉಪದೇಶ. ಆದರೆ ಕುಡಿತ ಬಿಟ್ಟದ್ದು, ಕಾಯಿಲೆ ವಾಸಿಯಾದದ್ದು, ಇಂಥದ್ದನ್ನೆಲ್ಲ ಜನ ಸಭೆಯ ಮುಂದೆ ಹೇಳಿಕೊಳ್ಳುವ ಭಾಗ ಇಷ್ಟ. ಅದಕ್ಕೆ ಅವರಲ್ಲಿ 'ಸಾಕ್ಷಿ' ಅನ್ನುತ್ತಾರೆ.

ಸರೋಜಮ್ಮ ನಕ್ಕರು. "ಇಭೂತಿ ಹಚ್ಕೊಂಡು ಅದನ್ನ ಓದ್ತೀರಲ್ಲ, ನಿಮ್ಮತ್ತೆ ಇದ್ದಿದ್ರೆ ಪುಸ್ತಕನ ನೀರೊಲೆಗೆ ಹಾಕ್ಬುಡೋರು."

"ಹಾಕ್ಲಿ ಬುಡಿ. ಸಾಕ್ಷಿ ಹೇಳೋಕೆ ಧೈರ್ಯ ಬೇಕು ಕಣ್ರೀ. ಎಲ್ರೆದುರು ನಿಂತು ಹೇಳ್ಬೇಕು," ಅಂದೆ.

ಬೆಂಚಿನ ಹಿಂದೆ ಹೆಜ್ಜೆಯ ಸದ್ದು ನಿಂತಿತು. ತಿರುಗಿದರೆ ಸುಷ್ಮಾ, ಎದುರುಮನೆಯ ಮಹದೇವಪ್ರಸಾದರ ಹೆಂಡತಿ. ಮಾತಾಡಿಸದೆ ಬಿರಬಿರನೆ ಹೊರಟುಹೋದಳು.

ಹೋದ ವಾರ ಬೆಳಿಗ್ಗೆ ಮಹದೇವಪ್ರಸಾದರ ಕಾರು ನಮ್ಮ ತಿರುವಿನಲ್ಲಿ ಹೂ ಮಾರುವ ಭಾಗ್ಯಮ್ಮನಿಗೆ ಹೊಡೆದು, ನಿಲ್ಲದೆ ಹೋಗಿತ್ತು. ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಳೆ. ಯಾವ ಕಾರೆಂದು ಪೊಲೀಸರಿಗೆ ಗೊತ್ತಾಗಿಲ್ಲ. ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ನಾನು ನೋಡಿದ್ದೆ. ಆಂಬುಲೆನ್ಸ್ ಕರೆದವಳೂ ನಾನೇ. ಕಾರಿನ ಸುದ್ದಿ ಮಾತ್ರ ಯಾರಿಗೂ ಹೇಳಿರಲಿಲ್ಲ. ನಾನು ಒಬ್ಬಳೇ ಇರುವವಳು. ಮಹದೇವಪ್ರಸಾದರ ಮನೆ ಮುಂದೆ ಯಾವಾಗಲೂ ನಾಲ್ಕಾರು ಬೈಕು, ಅವುಗಳ ಮೇಲೆ ಕೆಲಸವಿಲ್ಲದೆ ಕೂತ ಹುಡುಗರು.

ಸಂಜೆ ಬೆಲ್ ಆಯಿತು. ಜಾಲರಿ ಬಾಗಿಲಿನಾಚೆ ಮಹದೇವಪ್ರಸಾದ್. ಗೇಟಿನ ಬಳಿ ಬೈಕಿನ ಮೇಲೆ ಇಬ್ಬರು. ನಾನು ಚಿಲಕ ತೆಗೆಯಲಿಲ್ಲ.

"ಅಕ್ಕಾ, ಸಾಕ್ಷಿ ಹೇಳ್ತೀರಂತೆ," ಅಂದರು, ಮೆಲ್ಲಗೆ.

ಗಡಿಬಿಡಿಯಲ್ಲಿ ಪುಸ್ತಕ ತಂದು ಜಾಲರಿಗೆ ಹಿಡಿದೆ. ಇದು ಕೋರ್ಟಿನ ಸಾಕ್ಷಿಯಲ್ಲ, ಕ್ರೈಸ್ತರಲ್ಲಿ ಆ ಮಾತಿಗೆ ಅರ್ಥವೇ ಬೇರೆ ಎಂದು ಪಾಠ ಮಾಡುವವಳಂತೆ ವಿವರಿಸಿದೆ. ಅವರು ಪುಟದ ಮೇಲೆ ಕಣ್ಣಾಡಿಸಿ ನಕ್ಕರು.

"ಸುಷ್ಮಾ ಸುಮ್ನೆ ಹೆದರ್ಕೊಂಬುಟ್ಲು. ಹಂಗಾದ್ರೆ ನೀವೇನೂ ನೋಡ್ಲಿಲ್ಲ, ಅಲ್ವಾ ಅಕ್ಕಾ?"

'ಇಲ್ಲ' ಅಂದಿದ್ದರೆ ಅವರು ಹೊರಟುಬಿಡುತ್ತಿದ್ದರು. ಆ ಎರಡಕ್ಷರ ನಾಲಗೆಯ ಮೇಲೇ ಇತ್ತು. ಜೊತೆಗೆ ಭಾಗ್ಯಮ್ಮನ ಬುಟ್ಟಿ ರಸ್ತೆಯಲ್ಲಿ ಉರುಳಿದ್ದೂ ಕಣ್ಣ ಮುಂದೆ ಬಂತು. ನಾನು ಸುಮ್ಮನಿದ್ದದ್ದು ತುಸು ಹೆಚ್ಚಾಯಿತು. ಅವರ ಮುಖದಲ್ಲಿ ನಗು ಇಳಿಯುತ್ತಾ ಹೋಯಿತು. ಇನ್ನು ಇಲ್ಲ ಅಂದರೂ ನಂಬುವುದಿಲ್ಲ ಎಂದು ತಿಳಿಯಿತು.

"ನೋಡ್ದೆ," ಅಂದೆ.

ಅವರು ಗೇಟಿನ ಕಡೆ ತಿರುಗಿದರು. ಇಬ್ಬರೂ ಬೈಕಿನಿಂದ ಇಳಿದರು.

ಒಳಗಿನ ಮರದ ಬಾಗಿಲು ಹಾಕಿ, ಅಗುಳಿ ಜಡಿದು, ಬೆನ್ನು ಒತ್ತಿ ನಿಂತೆ. ಫೋನಿನಲ್ಲಿ ಪೊಲೀಸರ ನಂಬರ್ ಮೊದಲು ತಪ್ಪಿತು. ಮತ್ತೆ ಒತ್ತಿದೆ. ಆಚೆಯಿಂದ ಯಾರು ಎಂದು ಕೇಳಿದರು.

"ಪ್ರೇಮಲೀಲಾ," ಅಂದೆ. ಕಾರಿನ ವಿಷಯ ಹೇಳತೊಡಗಿದೆ. ಹೊರಗೆ ಬೈಕು ಸ್ಟಾರ್ಟ್ ಆಗುವುದನ್ನು ಕಿವಿ ಕಾಯುತ್ತಿತ್ತು. ಆಗಲಿಲ್ಲ.