ಪಾಪಾಸುಕಳ್ಳಿಯ ಮರೆಯ ದನಿ

ಇಗರ್ಜಿಯ ಉಪದೇಶಿ ಶೌರಪ್ಪನಿಗೆ ಕಂಡವರ ದನಿ ಎತ್ತಿಕೊಳ್ಳುವ ಚಟ. ಕುಷ್ಟಗಿ ಪೊಲೀಸ್ ಅಮೀನನ ಕೆಮ್ಮು, ಟಾಂಗಾ ಟಿಪ್ಪುಸಾಬನ ಬೈಗುಳ, ಇಟಲಿಯಿಂದ ಬಂದ ಪಾದ್ರಿ ಸ್ವಾಮಿಗಳ ಪುಸ್ತಕದ ಕನ್ನಡ, ಎಲ್ಲವೂ ಅವನ ಗಂಟಲಲ್ಲಿ ಬಿಡಾರ ಹೂಡಿದ್ದವು. ತಮ್ಮದೇ ಭಾನುವಾರದ ಪ್ರಸಂಗವನ್ನು ಒಮ್ಮೆ ಅವನ ಬಾಯಲ್ಲಿ ಬಾಗಿಲಾಚೆಯಿಂದ ಕೇಳಿಸಿಕೊಂಡ ಸ್ವಾಮಿಗಳು, "ಇನ್ನೊಮ್ಮೆ ಈ ಪ್ರಕಾರ ಮಾಡಿದ್ದೇ ಆದರೆ ಉಪದೇಶಿಯ ಚೀಲವನ್ನು ಹಿಂದಿರುಗಿಸತಕ್ಕದ್ದು" ಎಂದಿದ್ದರು. ಚೀಲ ಹೋದರೆ ಕೆಲಸ ಹೋಯಿತು, ಮಿಷನ್ನಿನ ಮನೆಯೂ ಹೋಯಿತು. ಶೌರಪ್ಪ ಶಿಲುಬೆ ಮುಟ್ಟಿ ಒಪ್ಪಿದ್ದ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಬೇವೂರು ಕಡೆಯ ಹಳ್ಳಿಯಿಂದ ಸುದ್ದಿ ಬಂತು: ಆಡು ಮೇಯಿಸುವ ಮುದುಕಿ, ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಅನ್ನಮ್ಮ, ಊರಿಗೆ ಹಂಪವ್ವ, ಪಾಪಾಸುಕಳ್ಳಿಯ ಬೇಲಿಯ ಮೇಲೆ ದೇವಮಾತೆಯನ್ನು ಕಂಡಳಂತೆ. ವಾರದೊಳಗೆ ಬೇಲಿಗೆ ಕುಂಕುಮ, ಕಾಯಿ, ಊದಿನಕಡ್ಡಿ ಬಂದವು. ವಿಚಾರಣೆಗೆ ಶೌರಪ್ಪ ಹೊರಟ.

"ಅವಳ ಮಾತು ಧರ್ಮೋಪದೇಶಕ್ಕೆ ವಿರೋಧವೋ? ಬುದ್ಧಿ ಸ್ವಸ್ಥವೋ? ಲಾಭದ ಆಸೆಯೋ? ಫಲ ಎಂಥದು? ನಂಬುವ ಅವಸರ ಬೇಡ. ನಗುವ ಅವಸರವೂ ಬೇಡ" ಎಂದು ಹೇಳಿ ಕಳಿಸಿದ್ದರು ಸ್ವಾಮಿಗಳು.

"ದೇವಮಾತೆ ಏನಂದ್ಲಬೇ?" ಹಳ್ಳಿಗೆ ಬಂದು ಶೌರಪ್ಪ ಮುದುಕಿಯನ್ನು ಕೇಳಿದ.

"ನಿನ್ನ ನೆಗೆಣ್ಣಿ ಶೇಖರಮ್ಮನ ಮನಿಗೆ ಹೋಗಿ ತಪ್ಪಾತು ಅನ್ನು ಅಂದ್ಲು" ಎಂದಳು ಹಂಪವ್ವ. "ಒಂದ ಮನಿ ಸೊಸ್ತ್ಯಾರು ನಾವು, ಹನ್ನೆರಡು ವರ್ಷ ಆಗಿತ್ತಪಾ ಮಾತು ಬಿಟ್ಟು."

"ಹೋದ್ಯಾ?"

"ಹೋದೆ. ಮೈಯೆಲ್ಲಾ ಉರೀತಿತ್ತು. ಆಕಿ ಮೊದ್ಲ ಕಸಬರಿಗಿ ಎತ್ತಿದ್ಲು. ಆಮ್ಯಾಲೆ ಇಬ್ರೂ ಅತ್ವಿ."

ಕಥೆ ಚೆನ್ನಾಗಿತ್ತು. ಕಥೆ ಚೆನ್ನಾಗಿರುವುದೇ ಶೌರಪ್ಪನಿಗೆ ಅನುಮಾನ. ಯಾವ ದನಿ ಕೇಳಿದರೂ ದೇವಮಾತೆ ಎನ್ನುವವಳೋ ಏನೋ! ಮರುದಿನ ಮಧ್ಯಾಹ್ನ ಗಂಟಲು ನವೆಯೆದ್ದಿತು. ಪಾಪನಿವೇದನೆ ಕೇಳುವ ಸ್ವಾಮಿಗಳು ಕಳಿಸಿದ ಮನುಷ್ಯನೇ ಪಾಪಾಸುಕಳ್ಳಿಯ ಹಿಂದೆ ಹೋಗಿ ಕುಳಿತ. ಹಂಪವ್ವನ ಆಡುಗಳು ಹತ್ತಿರ ಬಂದಾಗ ಜೇನಿನಂಥ ಹೆಣ್ಣುದನಿ ತೆಗೆದ:

"ಹಂಪವ್ವಾ, ಇಲ್ಲಿ ನನಗೊಂದು ಗುಡಿ ಕಟ್ಸು. ನೀನ ಪೂಜಾರತಿ. ಬಂದ ಕಾಣಿಕಿ ಎಲ್ಲಾ ನಿನಗ."

ಹಂಪವ್ವ ಬಾಯೊಳಗಿನ ಎಲೆ-ಅಡಿಕೆ ಉಗುಳಿದಳು. "ಹೊರಗ ಬಾರೋ ಶೌರಪ್ಪಾ, ಮುಳ್ಳು ಚುಚ್ಚ್ಯಾವು."

ಅವನು ಅಂಗಿ ಬಿಡಿಸಿಕೊಳ್ಳುತ್ತ ಎದ್ದ. "ದನಿ ಛಲೋ ಇರಲಿಲ್ಲೇನಬೇ?"

"ಆಕಿದಕ್ಕಿಂತ ಛಲೋ ಇತ್ತು. ಖರೆ, ಗುಡಿ ಆಸೆ ನನಗ ಮೊದ್ಲ ಐತಿ. ನನ್ನ ಆಸೆ ನನಗ ಹೇಳಾಕ ಆಕಿ ಯಾಕ ಬರ್ತಾಳ? ಶೇಖರಮ್ಮನ ಮನಿಗೆ ಹೋಗು ಅಂತ ಮಾತ್ರ ನಾ ಸತ್ರೂ ನನಗ ಹೇಳಿಕೊಳ್ತಿದ್ದಿಲ್ಲ." ಆಮೇಲೆ ಕೋಲು ತೋರಿಸಿದಳು. "ಆಡು ಬೆದರಿ ಓಡ್ಯಾವು, ಹೊಡಕೊಂಡು ಬಾ. ಹೋಗು, ನಾ ಯಾರಿಗೂ ಹೇಳಂಗಿಲ್ಲ."

ಟಾಂಗಾದಲ್ಲಿ ಶೌರಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬೇಲಿಯ ಮಾತು ಮುಚ್ಚಿಟ್ಟರೆ ಚೀಲ ಉಳಿಯುತ್ತಿತ್ತು. ಆದರೆ ಮುದುಕಿಯ ಪರವಾಗಿ ತೂಕವಿದ್ದ ಮಾತು ಅವಳು ಅಲ್ಲಿ ಕೊಟ್ಟ ಉತ್ತರವೊಂದೇ.

"ಯಾಕ ಸುಮ್ಮಕದೀರಿ ಉಪದೇಶಿಗಳ? ನನ್ನ ಬೈಗುಳನಾರ ಬೈರಿ" ಎಂದ ಟಿಪ್ಪುಸಾಬ. ಶೌರಪ್ಪ ಅದನ್ನೂ ಬೈಯಲಿಲ್ಲ.

ಶೌರಪ್ಪ ಬೇಲಿಯ ಮಾತನ್ನೂ ಬಿಡದೆ ಹೇಳಿದ. ಸ್ವಾಮಿಗಳು ಎಲ್ಲವನ್ನೂ ನಿಂತೇ ಕೇಳಿದರು.

"ಈ ಬೇಲಿಯ ಸಂಗತಿಯನ್ನು ಮತ್ತಾರು ಬಲ್ಲರು?"

"ಯಾರೂ ಇಲ್ರಿ."

"ಮರೆಮಾಚಬಹುದಾಗಿತ್ತು."

"ಹೌದ್ರಿ."

ಅವರು ಕುಳಿತು ತಮ್ಮ ಬಿಷಪ್ಪರಾದ ಮೇತ್ರಾಣಿಗಳಿಗೆ ಕಾಗದ ಬರೆದರು, ಓದಿಯೂ ಹೇಳಿದರು. ದರ್ಶನ ನಿಜವೆಂದೂ ಇಲ್ಲ, ಸುಳ್ಳೆಂದೂ ಇಲ್ಲ. ಬೇಲಿಗೆ ಪೂಜೆ ಕೂಡದು. ಮುದುಕಿಯನ್ನು ಯಾರೂ ಕಾಡಕೂಡದು. ಕಾದು ನೋಡುವುದು. ಕೊನೆಗೆ ಒಂದು ಸಾಲು: ಸಾಕ್ಷಿ ತನಗೇ ನಷ್ಟವಾಗುವ ಮಾತು ಹೇಳಿದ್ದಾನೆ, ನಂಬತಕ್ಕವನು.

ಶಾಯಿ ಒಣಗುವವರೆಗೆ ಕಾದು, ಕಾಗದ ಮಡಿಚಿ, ಸ್ವಾಮಿಗಳು ಕೈ ಚಾಚಿದರು.

"ಚೀಲ" ಎಂದರು.

ಶೌರಪ್ಪ ಹೆಗಲಿನಿಂದ ಇಳಿಸಿ, ಅಂಟಿದ್ದ ಎರಡು ಕಳ್ಳಿಮುಳ್ಳು ಕಿತ್ತು, ಮೇಜಿನ ಮೇಲಿಟ್ಟ.